ಅರ್ಧ ಅಂಕ

ನೀವು ಅಂಗಡಿಗೆ ಹೋಗಿ "ಎರಡು ಕೊಡಿ" ಎಂದು ಕೇಳಿದರೆ ಅಂಗಡಿಯವರು ಏನು ಮಾಡುತ್ತಾರೆ? "ಎರಡು ಏನು?" ಎಂದು ಮರಳಿ ಕೇಳುತ್ತಾರೆ. ಎರಡು ಕಿಲೋ ಅಕ್ಕಿಯೋ, ಎರಡು ಲೀಟರ್ ಎಣ್ಣೆಯೋ, ಎರಡು ಚೆಂಡು ಮಲ್ಲಿಗೆಯೋ ಎಂದು ನೀವು ಹೇಳುವವರೆಗೆ ಅವರ ಕೈ ಯಾವುದರ ಕಡೆಗೂ ಹೋಗುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಗೊತ್ತಿರುವ ಸಂಗತಿ ಇದು. ಬರಿಯ ಸಂಖ್ಯೆಗೆ ಅರ್ಥವಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಕೈಕೆಳಗೆ ಕಲಿತ ಮಕ್ಕಳು ನನ್ನ ಪಾಠಗಳನ್ನು ಎಷ್ಟು ನೆನಪಿಟ್ಟಿದ್ದಾರೋ ನಾನರಿಯೆ. ಆದರೆ ಒಂದು ವಿಷಯವನ್ನು ಮಾತ್ರ ಯಾರೂ ಮರೆತಿಲ್ಲ. ಲೆಕ್ಕದ ಉತ್ತರ ಸರಿಯಾಗಿದ್ದರೂ ಅದರ ಮುಂದೆ ಏಕಮಾನ ಬರೆಯದಿದ್ದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. "ಐದು ಎಂದರೆ ಏನು? ಐದು ಮೀಟರೋ, ಐದು ಮಾವಿನಕಾಯಿಯೋ?" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಅರ್ಧ ಅಂಕದ ಮಾಷ್ಟ್ರು' ಎಂದು ಕರೆಯುತ್ತಿದ್ದರಂತೆ.

ಇಂತಹ ನಾನೇ ಒಂದು ಸಂಜೆ ಏಕಮಾನದ ಲೆಕ್ಕದಲ್ಲಿ ಎಡವಿದೆ. ಅದು ಅರ್ಧ ಅಂಕದಲ್ಲಿ ಮುಗಿದುಹೋಗುವ ತಪ್ಪಾಗಿರಲಿಲ್ಲ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅದು 2014ರ ಮಳೆಗಾಲ. ಸಂಜೆ ಏಳು ಗಂಟೆಯ ಹೊತ್ತು. ಹೊರಗೆ ಜೋರು ಮಳೆ. ನಮ್ಮದು ಹಂಚಿನ ಮನೆ, ಮಳೆ ಬಂದರೆ ಒಳಗೆ ಮಾತಾಡಿದ್ದು ಕೇಳಿಸದು. ಆಗ ಫೋನು ಬಂತು. ನನ್ನ ಹಳೆಯ ಶಿಷ್ಯೆ. ಹತ್ತನೆಯ ತರಗತಿಯಲ್ಲಿ ಎದುರಿನ ಬೆಂಚಿನಲ್ಲಿ ಕುಳಿತು, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ಧೈರ್ಯದಿಂದ ಹೇಳುತ್ತಿದ್ದ ಹುಡುಗಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಅವಳ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಆರೇಳು ತಿಂಗಳ ಹಿಂದೆ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಗೆ ವರ್ಗವಾಗಿತ್ತು. ಕಡಲ ಕರೆಗೆ ಹತ್ತಿರವಾಗಿಯೇ ಒಂದು ಬಾಡಿಗೆ ಮನೆ ಹಿಡಿದಿದ್ದರು. ಅವಳಿಗೆ ಆಗ ಆರು ತಿಂಗಳು.

"ಮಾಷ್ಟ್ರೇ, ನಮ್ಮ ಅಂಗಳದ ಮರಳಿನಲ್ಲಿ ವಿಕಿರಣ ಇದೆಯಂತೆ. ಇದು ಹೌದಾ?" ಎಂದು ಕೇಳಿದಳು.

ಹೌದು, ಆ ಕರಾವಳಿಯ ಮರಳಿನಲ್ಲಿ ವಿಕಿರಣವಿದೆ. ಇದು ಯಾರೋ ತಂದು ಸುರಿದದ್ದಲ್ಲ. ನೀಂಡಕರ, ಚವರ, ಕರುನಾಗಪಳ್ಳಿಯ ಕಡಲ ದಂಡೆಯಲ್ಲಿ ಅಲ್ಲಲ್ಲಿ ಕರಿ ಮರಳು ಕಾಣಿಸುತ್ತದೆ. ಅದರಲ್ಲಿ ಮೋನಝೈಟ್ ಎಂಬ ಖನಿಜದ ಹರಳುಗಳು ಬೆರೆತಿವೆ. ಮೋನಝೈಟಿನಲ್ಲಿ ಥೋರಿಯಂ ಇದೆ. ಥೋರಿಯಂ ಬಹಳ ನಿಧಾನವಾಗಿ ಕ್ಷಯಿಸುವ ಧಾತು. ಅದು ಅರ್ಧಕ್ಕೆ ಇಳಿಯಲು ಸುಮಾರು 1400 ಕೋಟಿ ವರ್ಷ ಬೇಕು. ಹೀಗೆ ಕ್ಷಯಿಸುವಾಗ ಅದೂ ಅದರಿಂದ ಹುಟ್ಟುವ ಇತರ ಧಾತುಗಳೂ ಕಿರಣಗಳನ್ನು ಸೂಸುತ್ತವೆ. 1909ರಲ್ಲಿ ಜರ್ಮನಿಯ ಒಬ್ಬ ರಸಾಯನವಿಜ್ಞಾನಿ ತಿರುವಿತಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಈ ಖನಿಜವನ್ನು ಗುರುತಿಸಿದರು. ಆ ಕಾಲದ ಗ್ಯಾಸ್‌ಲೈಟುಗಳ ಮ್ಯಾಂಟಲಿಗೆ ಥೋರಿಯಂ ಬೇಕಾಗಿತ್ತು. ಅದಕ್ಕಾಗಿ ಈ ಮರಳು ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ನಿಮ್ಮ ಅಜ್ಜಂದಿರು ಬಯಲಾಟ ನೋಡಿದ್ದು ಅಂತಹ ಮ್ಯಾಂಟಲಿನ ಬಿಳಿ ಬೆಳಕಿನಲ್ಲಿಯೇ.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳಿಗೆ ಬೇಕಾಗಿದ್ದುದು ಚರಿತ್ರೆಯಲ್ಲ.

"ಮಾಷ್ಟ್ರೇ, ಗೋಡೆಯ ಕಪಾಟಿನಲ್ಲಿ ಒಂದು ಹಳೆಯ ಚೀಟಿ ಸಿಕ್ಕಿತು. ಹಿಂದೆ ಯಾವಾಗಲೋ ಅಳತೆಗೆ ಬಂದವರು ಬರೆದುಕೊಟ್ಟದ್ದಂತೆ. ಅದರಲ್ಲಿ ಗಂಟೆಗೆ ಇಷ್ಟು ಎಂದು ಇದೆ. ಪತ್ರಿಕೆಯಲ್ಲಿ ವರ್ಷಕ್ಕೆ ಇಷ್ಟು ಮಿಲಿಗ್ರೇ ಎಂದು ಬರೆಯುತ್ತಾರೆ. ಇನ್ನೊಂದು ಕಡೆ ಮಿಲಿಸೀವರ್ಟ್ ಎಂದಿದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನನಗೆ ತಿಳಿಯುತ್ತಿಲ್ಲ. ಇಲ್ಲಿ ಇರಬಹುದಾ, ಬಾರದಾ? ನೀವು ಲೆಕ್ಕ ಹಾಕಿ ಹೇಳಿ."

ಚೀಟಿಯಲ್ಲಿದ್ದುದನ್ನು ಅವಳು ಓದಿದಳು. ಮೇಜಿನ ಮೇಲಿದ್ದ ಮದುವೆಯ ಕಾಗದದ ಹಿಂಬದಿಯಲ್ಲಿ ನಾನು ಬರೆದುಕೊಂಡೆ: "ಅಂಗಳ, ಗಂಟೆಗೆ 0.3 ರ‍್ಯಾಡ್." ಅರ್ಧ ಗಂಟೆ ಬಿಟ್ಟು ಫೋನು ಮಾಡುತ್ತೇನೆಂದು ಹೇಳಿ ಲೆಕ್ಕಕ್ಕೆ ಕುಳಿತೆ.

ನನ್ನ ಜೊತೆ ನೀವೂ ಲೆಕ್ಕ ಮಾಡಬೇಕಾದರೆ ಎರಡು ಮಾತುಗಳನ್ನು ಮೊದಲೇ ತಿಳಿದುಕೊಳ್ಳಬೇಕು.

ಮೊದಲನೆಯದು ಡೋಸ್. ಕಿರಣಗಳು ನಮ್ಮ ದೇಹವನ್ನು ಹೊಕ್ಕಾಗ ತಮ್ಮ ಶಕ್ತಿಯ ಒಂದು ಪಾಲನ್ನು ಅಲ್ಲಿ ಬಿಟ್ಟುಹೋಗುತ್ತವೆ. ಒಂದು ಕಿಲೋಗ್ರಾಂ ವಸ್ತು ಎಷ್ಟು ಶಕ್ತಿಯನ್ನು ಹೀರಿಕೊಂಡಿತು ಎಂಬುದೇ ಹೀರಿಕೆಯ ಡೋಸ್. ಒಂದು ಕಿಲೋಗ್ರಾಮಿಗೆ ಒಂದು ಜೂಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ಲೂಯಿ ಹೆರಾಲ್ಡ್ ಗ್ರೇ ಎಂಬವರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದುಡಿದ ಭೌತವಿಜ್ಞಾನಿ. ಅವರ ನೆನಪಿಗಾಗಿ 1975ರಲ್ಲಿ ಈ ಏಕಮಾನಕ್ಕೆ ಈ ಹೆಸರು ಬಂತು. ಅದಕ್ಕಿಂತ ಮೊದಲು, 1953ರಿಂದ, ರ‍್ಯಾಡ್ ಎಂಬ ಏಕಮಾನ ಬಳಕೆಯಲ್ಲಿತ್ತು. ನೂರು ರ‍್ಯಾಡ್ ಸೇರಿದರೆ ಒಂದು ಗ್ರೇ. ಹಳೆಯ ಉಪಕರಣಗಳಲ್ಲಿ, ಹಳೆಯ ಕಾಗದಗಳಲ್ಲಿ ರ‍್ಯಾಡ್ ಇಂದಿಗೂ ಉಳಿದಿದೆ. ಸೇರು, ಪಾವು ಹೋಗಿ ಕಿಲೋಗ್ರಾಂ, ಲೀಟರ್ ಬಂದ ಮೇಲೂ ಹಿರಿಯರ ಬಾಯಲ್ಲಿ ಸೇರು ಉಳಿದ ಹಾಗೆ.

ಎರಡನೆಯದು ಡೋಸ್ ದರ. ನಮ್ಮ ಊರಿನವರಿಗೆ ಇದನ್ನು ಮಳೆಯಿಂದಲೇ ವಿವರಿಸಬಹುದು. ಮಳೆಯ ಬಿರುಸು ಬೇರೆ, ನಾವು ನೆನೆದದ್ದು ಬೇರೆ. ಬಿರುಸು ಮಳೆಯಲ್ಲಿ ಎರಡು ಹೆಜ್ಜೆ ಓಡಿ ಜಗಲಿ ಹತ್ತಿದವನು ಅಷ್ಟಾಗಿ ನೆನೆಯುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ಇಡೀ ದಿನ ಗದ್ದೆಯಲ್ಲಿ ನಿಂತವನು ತೊಯ್ದು ಹೋಗುತ್ತಾನೆ. ಬಿರುಸು ಎಂಬುದು ದರ, ನೆನೆದದ್ದು ಡೋಸ್. ಗಂಟೆಗೆ ಇಷ್ಟು ಎಂಬುದು ದರ. ಆ ದರವನ್ನು ನಾವು ಅಲ್ಲಿ ಕಳೆದ ಗಂಟೆಗಳಿಂದ ಗುಣಿಸಿದರೆ ಡೋಸ್ ಸಿಗುತ್ತದೆ. ಹೀಗಾಗಿ ದರವನ್ನು ಒಂದು ಏಕಮಾನದಿಂದ ಇನ್ನೊಂದಕ್ಕೆ ಬದಲಿಸುವಾಗ ಎರಡು ಕಡೆ ಎಚ್ಚರ ಬೇಕು. ರ‍್ಯಾಡ್ ಅನ್ನು ಗ್ರೇ ಮಾಡುವುದು ಒಂದು. ಗಂಟೆಯನ್ನು ವರ್ಷ ಮಾಡುವುದು ಇನ್ನೊಂದು. ಒಂದು ವರ್ಷದಲ್ಲಿ 24 × 365, ಅಂದರೆ 8760 ಗಂಟೆಗಳಿವೆ.

ಈಗ ನನ್ನ ಲೆಕ್ಕ ನೋಡಿ. ನೂರು ರ‍್ಯಾಡ್ ಒಂದು ಗ್ರೇ ಆದರೆ ಒಂದು ರ‍್ಯಾಡ್ 10 ಮಿಲಿಗ್ರೇ. 0.3 ರ‍್ಯಾಡ್ 3 ಮಿಲಿಗ್ರೇ. ಗಂಟೆಗೆ 3 ಮಿಲಿಗ್ರೇ ಆದರೆ ದಿನಕ್ಕೆ 72 ಮಿಲಿಗ್ರೇ. ವರ್ಷಕ್ಕೆ 26,280 ಮಿಲಿಗ್ರೇ, ಅಂದರೆ 26 ಗ್ರೇಗಿಂತಲೂ ಹೆಚ್ಚು.

ನನ್ನ ಕೈ ತಣ್ಣಗಾಯಿತು. ಯಾಕೆಂದು ಹೇಳುತ್ತೇನೆ. ಇಡೀ ದೇಹಕ್ಕೆ ಒಮ್ಮೆಲೇ ಸುಮಾರು 4 ಗ್ರೇ ಡೋಸ್ ಬಿದ್ದು ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಜನರು ಬದುಕಿ ಉಳಿಯುವುದಿಲ್ಲ. ಶಾಖದ ಲೆಕ್ಕದಲ್ಲಿ ಇದು ಏನೂ ಅಲ್ಲ. ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನಿಗೆ 4 ಗ್ರೇ ಎಂದರೆ 240 ಜೂಲ್. ಒಂದು ಗುಟುಕು ಬಿಸಿ ಚಹಾ ಇದಕ್ಕಿಂತ ಹೆಚ್ಚು ಶಕ್ತಿಯನ್ನು ದೇಹಕ್ಕೆ ಕೊಡುತ್ತದೆ. ಆದರೆ ಚಹಾದ ಶಾಖ ದೇಹವನ್ನೆಲ್ಲ ಹರಡಿ ಬೆಚ್ಚಗಾಗಿಸುತ್ತದೆ. ವಿಕಿರಣದ ಶಕ್ತಿ ಸೂಜಿಯ ಮೊನೆಯಂತೆ ಜೀವಕೋಶಗಳ ಒಳಗಿನ ಅಣುಗಳನ್ನು ಮುರಿಯುತ್ತದೆ. ಹೀಗಿರುವಾಗ 26 ಗ್ರೇ! ಅದೂ ಬಸುರಿ ಹೆಂಗಸಿಗೆ!

ನಾನು ಮತ್ತೊಮ್ಮೆ ಗುಣಿಸಿ ನೋಡಿದೆ. ಗುಣಾಕಾರ ಸರಿಯಾಗಿತ್ತು. ಫೋನು ಮಾಡಿ, "ಮಗಳೇ, ಈ ರಾತ್ರಿಯೇ ಹೊರಟು ಊರಿಗೆ ಬಾ. ಅಲ್ಲಿ ಒಂದು ದಿನವೂ ನಿಲ್ಲುವುದು ಬೇಡ" ಎಂದೆ. ಅವಳು ಏನೂ ಕೇಳಲಿಲ್ಲ. ಮಾಷ್ಟ್ರು ಹೇಳಿದರಲ್ಲ, ಅಷ್ಟು ಸಾಕಾಗಿತ್ತು. ಗಂಡನಿಗೆ ಮರುದಿನ ಬ್ಯಾಂಕಿನಲ್ಲಿ ಲೆಕ್ಕಪರಿಶೋಧನೆ ಇತ್ತು, ರಜೆ ಸಿಗಲಿಲ್ಲ. ಮುಂಗಡ ಕಾದಿರಿಸದೆ ಅವಳನ್ನು ರಾತ್ರಿಯ ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂರಿಸಿ ಮನೆಗೆ ಮರಳಿದ.

ರಾತ್ರಿ ಹನ್ನೊಂದು ಗಂಟೆಗೆ ಅವನ ಫೋನು ಬಂತು. ಮಳೆ ಬಿಟ್ಟಿತ್ತು.

"ಮಾಷ್ಟ್ರೇ, ನನ್ನದೊಂದು ಸಂಶಯ. ತಪ್ಪು ತಿಳಿಯಬೇಡಿ. ಈ ಮನೆಯ ಯಜಮಾನರ ತಾಯಿ ಇಲ್ಲೇ ಪಕ್ಕದಲ್ಲಿದ್ದಾರೆ. ಎಂಬತ್ತೆರಡು ವರ್ಷ. ನಾವು ಅಮ್ಮೂಮ್ಮ ಎನ್ನುತ್ತೇವೆ. ಇದೇ ಅಂಗಳದಲ್ಲಿ ಬೆಳೆದು, ಇಲ್ಲೇ ಮೀನು ಒಣಗಿಸಿ, ಏಳು ಮಕ್ಕಳನ್ನು ಹೆತ್ತವರು. ನೀವು ಹೇಳಿದ್ದನ್ನು ಅವರಿಗೆ ಹೇಳಿದೆ. 'ಹಾಗಾದರೆ ನಾನು ಯಾರು, ಪ್ರೇತವಾ?' ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ."

ನನಗೂ ಹೊಳೆಯಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಮತ್ತೆ ಮೇಜಿನ ಮುಂದೆ ಕೂರಿಸಿತು. ಗಂಟೆಗೆ 3 ಮಿಲಿಗ್ರೇ ಆದರೆ ಎರಡು ತಿಂಗಳು ತುಂಬುವ ಮೊದಲೇ 4 ಗ್ರೇ ಆಗುತ್ತದೆ. ಹಾಗಿದ್ದರೆ ಆ ಕರಾವಳಿಯಲ್ಲಿ ಊರುಗಳು ಇರುತ್ತಿದ್ದವೇ? ಸಾವಿರಾರು ಜನ ತಲೆತಲಾಂತರದಿಂದ ಅಲ್ಲಿ ಬಾಳುತ್ತಿದ್ದಾರೆ. ಒಬ್ಬ ಮುದುಕಿಯ ಆಯುಸ್ಸು ಆ ಮರಳಿನಿಂದ ಏನೂ ಆಗದು ಎಂಬುದಕ್ಕೆ ಸಾಕ್ಷಿಯಲ್ಲ. ಆದರೆ ನನ್ನ ಉತ್ತರ ಸುಳ್ಳು ಎಂಬುದಕ್ಕೆ ಅದೊಂದೇ ಸಾಕು.

"ಚೀಟಿ ಅಲ್ಲೇ ಇದೆಯಾ? ಇದ್ದದ್ದನ್ನು ಇದ್ದ ಹಾಗೆ, ಒಂದೊಂದೇ ಅಕ್ಷರ ಓದು" ಎಂದೆ.

ಅವನು ಓದಿದ. "ಅಂಗಳ, ಸೊನ್ನೆ ಬಿಂದು ಮೂರು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಎಂ. ಆಮೇಲೆ ರ‍್ಯಾಡ್. ಆಮೇಲೆ ಗಂಟೆಗೆ ಎಂದಿದೆ. ಅದರ ಕೆಳಗೆ, ಮನೆಯೊಳಗೆ, ಸೊನ್ನೆ ಬಿಂದು ಸೊನ್ನೆ ಐದು. ಅದಕ್ಕೂ ಸಣ್ಣ ಎಂ."

ಸಣ್ಣ ಎಂ! ಮಿಲಿರ‍್ಯಾಡ್! ಸಂಜೆ ಅವಳೂ ಅದನ್ನೇ ಓದಿರಬೇಕು. ಮಳೆಯ ಸದ್ದಿನಲ್ಲಿ ಅದು ನನ್ನ ಕಿವಿಗೆ ಬೀಳಲಿಲ್ಲ. ಬರೆದುಕೊಂಡದ್ದನ್ನು ತಿರುಗಿ ಓದಿ ಹೇಳಿ ಸರಿಯೇ ಎಂದು ಕೇಳುವಷ್ಟು ತಾಳ್ಮೆಯೂ ನನಗಿರಲಿಲ್ಲ. ಒಂದು ಅಕ್ಷರ ಬಿಟ್ಟುಹೋದದ್ದರಿಂದ ಉತ್ತರ ಸಾವಿರ ಪಟ್ಟು ಹಿಗ್ಗಿತ್ತು. ಗುಣಾಕಾರವನ್ನು ಎರಡು ಸಲ ಪರೀಕ್ಷಿಸಿದೆನೇ ಹೊರತು, ಗುಣಿಸಿದ್ದು ಏನನ್ನು ಎಂದು ಒಂದು ಸಲವೂ ನೋಡಲಿಲ್ಲ.

ಅವಳ ಮೊಬೈಲಿಗೆ ಎಷ್ಟು ಸಲ ಕರೆ ಮಾಡಿದರೂ ಸಿಗಲಿಲ್ಲ. ಬೆಳಿಗ್ಗೆ ಕಾಸರಗೋಡು ರೈಲು ನಿಲ್ದಾಣಕ್ಕೆ ಹೋಗಿ ಕಾದೆ. ಅವಳ ತಾಯಿಯೂ ಬಂದಿದ್ದರು. ರೈಲಿನಿಂದ ಇಳಿದಾಗ ಅವಳ ಕಾಲು ಬಾತಿತ್ತು, ಕಣ್ಣು ಕೆಂಪಾಗಿತ್ತು. ನಾನು ಅಲ್ಲಿಯೇ, ಪ್ಲಾಟ್‌ಫಾರಂನಲ್ಲಿಯೇ, "ತಪ್ಪು ನನ್ನದು ಮಗಳೇ, ಲೆಕ್ಕ ತಪ್ಪಿದೆ. ನೀನು ಹೆದರುವಂತಹದೇನೂ ಇಲ್ಲ" ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

"ಮಗುವಿಗೆ ಆಗಲೇ ಏನಾದರೂ ಆಗಿಹೋಗಿದೆಯೋ ಎಂದು ರಾತ್ರಿಯಿಡೀ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿದ್ದೆ ಮಾಷ್ಟ್ರೇ" ಎಂದಳು.

ನನ್ನ ಇಪ್ಪತ್ತೊಂಬತ್ತು ವರ್ಷಗಳ ಅಧ್ಯಾಪನದಲ್ಲಿ ಯಾವ ಮೇಲಧಿಕಾರಿಯ ಮಾತೂ ನನ್ನನ್ನು ಇಷ್ಟು ಕುಗ್ಗಿಸಿರಲಿಲ್ಲ.

ಅವಳ ತಾಯಿಯ ಮನೆಯ ಜಗಲಿಯಲ್ಲಿ ಕುಳಿತೆವು. ಅವಳ ತಾಯಿ ಕಾಫಿ ತಂದಿಟ್ಟು, "ಹೋಗಲಿ ಬಿಡಿ ಮಾಷ್ಟ್ರೇ, ಮುಂದಿನ ತಿಂಗಳು ಸೀಮಂತಕ್ಕೆ ಹೇಗೂ ಬರಲೇಬೇಕಿತ್ತು" ಎಂದು ನನ್ನನ್ನೇ ಸಮಾಧಾನಪಡಿಸಿದರು. ಅವಳು ಒಳಗೆ ಹೋಗಿ ಒಂದು ಪುಸ್ತಕ, ಪೆನ್ನು ತಂದು ನನ್ನ ಮುಂದೆ ಇಟ್ಟಳು.

"ಈ ಸಲ ಬಾಯಿಲೆಕ್ಕ ಬೇಡ. ಒಂದೊಂದೇ ಸಾಲು ಬರೆಯಿರಿ. ಪ್ರತಿ ಸಾಲಿನಲ್ಲಿಯೂ ಏಕಮಾನ ಬರೆಯಿರಿ."

ನಾನು ವಿದ್ಯಾರ್ಥಿಯಂತೆ ಬರೆದೆ.

100 ರ‍್ಯಾಡ್ = 1 ಗ್ರೇ. ಆದುದರಿಂದ 1 ರ‍್ಯಾಡ್ = 10 ಮಿಲಿಗ್ರೇ.
1 ಮಿಲಿರ‍್ಯಾಡ್ ಇದರ ಸಾವಿರದ ಒಂದು ಪಾಲು = 10 ಮೈಕ್ರೋಗ್ರೇ.
ಅಂಗಳ: ಗಂಟೆಗೆ 0.3 ಮಿಲಿರ‍್ಯಾಡ್ = ಗಂಟೆಗೆ 3 ಮೈಕ್ರೋಗ್ರೇ.
ಮನೆಯೊಳಗೆ: ಗಂಟೆಗೆ 0.05 ಮಿಲಿರ‍್ಯಾಡ್ = ಗಂಟೆಗೆ 0.5 ಮೈಕ್ರೋಗ್ರೇ.

ಇಲ್ಲಿ ಅವಳು ನನ್ನನ್ನು ತಡೆದಳು. "ನಾನು ದಿನದ ಇಪ್ಪತ್ತನಾಲ್ಕು ಗಂಟೆಯೂ ಅಂಗಳದಲ್ಲಿ ನಿಂತಿರುತ್ತೇನಾ ಮಾಷ್ಟ್ರೇ?" ಎಂದಳು. ನನ್ನ ಎರಡನೆಯ ತಪ್ಪು ಅದಾಗಿತ್ತು. ಮಳೆ ಬರುವಾಗ ಯಾರೂ ದಿನವಿಡೀ ಅಂಗಳದಲ್ಲಿ ನಿಲ್ಲುವುದಿಲ್ಲ. ಬಟ್ಟೆ ಒಣಗಿಸುವುದು, ನೀರು ತರುವುದು, ಸಂಜೆ ಕುಳಿತುಕೊಳ್ಳುವುದು, ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆ ಅಂಗಳ, ಉಳಿದ ಇಪ್ಪತ್ತು ಗಂಟೆ ಮನೆಯೊಳಗೆ ಎಂದು ಹಿಡಿದೆವು.

ಅಂಗಳ: 3 ಮೈಕ್ರೋಗ್ರೇ × 4 ಗಂಟೆ × 365 ದಿನ = ವರ್ಷಕ್ಕೆ 4380 ಮೈಕ್ರೋಗ್ರೇ.
ಮನೆಯೊಳಗೆ: 0.5 ಮೈಕ್ರೋಗ್ರೇ × 20 ಗಂಟೆ × 365 ದಿನ = ವರ್ಷಕ್ಕೆ 3650 ಮೈಕ್ರೋಗ್ರೇ.
ಒಟ್ಟು 8030 ಮೈಕ್ರೋಗ್ರೇ, ಅಂದರೆ ವರ್ಷಕ್ಕೆ ಸುಮಾರು 8 ಮಿಲಿಗ್ರೇ.

ಹಿಂದಿನ ರಾತ್ರಿ 26 ಗ್ರೇ ಎಂದಿದ್ದವನು ಬೆಳಿಗ್ಗೆ 8 ಮಿಲಿಗ್ರೇ ಎನ್ನುತ್ತಿದ್ದೆ. ಮೂರು ಸಾವಿರ ಪಟ್ಟಿಗಿಂತಲೂ ಹೆಚ್ಚಿನ ಅಂತರ.

ಅವಳ ಪ್ರಶ್ನೆಗಳು ಅಲ್ಲಿಗೆ ಮುಗಿಯಲಿಲ್ಲ. ಮುಗಿಯಬಾರದು ಕೂಡ. ಉತ್ತರ ಸಿಕ್ಕಿದ ಮೇಲೆ ಅದರ ಅರ್ಥವೇನೆಂದು ಕೇಳಬೇಕಲ್ಲ?

"ಪ್ರಪಂಚದಲ್ಲಿ ಒಬ್ಬರಿಗೆ ನಿಸರ್ಗದಿಂದ ಬೀಳುವುದು ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಎಂದು ಓದಿದೆ. ಇದು ಮಿಲಿಗ್ರೇ. ಹೋಲಿಸುವುದು ಹೇಗೆ?" ಎಂದು ಕೇಳಿದಳು.

ಗ್ರೇ ಎಂಬುದು ಎಷ್ಟು ಶಕ್ತಿ ಸೇರಿತು ಎಂಬುದನ್ನು ಮಾತ್ರ ಹೇಳುತ್ತದೆ. ಆದರೆ ಎಲ್ಲ ಕಿರಣಗಳ ಪರಿಣಾಮ ಒಂದೇ ಅಲ್ಲ. ಒಂದೇ ತೂಕದ ಹತ್ತಿ ಮೈಮೇಲೆ ಬೀಳುವುದಕ್ಕೂ ಕಲ್ಲು ಬೀಳುವುದಕ್ಕೂ ವ್ಯತ್ಯಾಸವಿಲ್ಲವೇ? ಆಲ್ಫಾ ಕಣಗಳು ಒಳಹೊಕ್ಕರೆ ಅಷ್ಟೇ ಶಕ್ತಿಯ ಗಾಮಾ ಕಿರಣಗಳಿಗಿಂತ ಇಪ್ಪತ್ತು ಪಟ್ಟು ಹಾನಿಕರ ಎಂದು ಲೆಕ್ಕ ಹಿಡಿಯುತ್ತಾರೆ. ಈ ವ್ಯತ್ಯಾಸವನ್ನು ಸೇರಿಸಿಕೊಂಡ ಏಕಮಾನವೇ ಸೀವರ್ಟ್. ಸ್ವೀಡನ್ನಿನ ರಾಲ್ಫ್ ಸೀವರ್ಟ್ ಎಂಬ ವಿಜ್ಞಾನಿಯ ಹೆಸರು ಅದು. ಮರಳಿನಿಂದ ಹೊರಟು ನಮ್ಮ ಮೈಯನ್ನು ತಲಪುವುದು ಮುಖ್ಯವಾಗಿ ಗಾಮಾ ಕಿರಣ. ಗಾಮಾ ಕಿರಣಕ್ಕೆ ಒಂದು ಗ್ರೇಯನ್ನು ಒಂದು ಸೀವರ್ಟ್ ಎಂದು ಸ್ಥೂಲವಾಗಿ ಹಿಡಿಯಬಹುದು. ಹಾಗಾಗಿ ಅವಳ 8 ಮಿಲಿಗ್ರೇ ಸರಿಸುಮಾರು 8 ಮಿಲಿಸೀವರ್ಟ್. ಇನ್ನೊಂದು ಎಚ್ಚರವೂ ಬೇಕು. ಆ 2.4ರಲ್ಲಿ ಉಸಿರಿನೊಂದಿಗೆ ಒಳಹೋಗುವ ರೇಡಾನ್ ಅನಿಲದ ಪಾಲೂ ಸೇರಿದೆ, ಚೀಟಿಯ ಲೆಕ್ಕದಲ್ಲಿ ಅದಿಲ್ಲ. ಆದುದರಿಂದ 'ಮೂರು ಪಟ್ಟಿಗಿಂತ ಹೆಚ್ಚು' ಎಂದು ಹೇಳಬಹುದೇ ಹೊರತು ಸರಿಯಾಗಿ ಎಷ್ಟು ಪಟ್ಟು ಎಂದು ಹೇಳಲಾಗದು.

"ಸರಕಾರ ಜನಸಾಮಾನ್ಯರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ ಎನ್ನುತ್ತದೆ. ನನ್ನದು ಎಂಟು ಪಟ್ಟು ಆಯಿತಲ್ಲ?"

ಒಳ್ಳೆಯ ಪ್ರಶ್ನೆ. ಆ ಮಿತಿ ಇರುವುದು ಅಣುಸ್ಥಾವರದಂತಹ ಮಾನವನಿರ್ಮಿತ ಮೂಲಗಳಿಂದ ಜನರಿಗೆ ಹೊಸದಾಗಿ ಸೇರುವ ವಿಕಿರಣಕ್ಕೆ. ನಿಸರ್ಗದಿಂದ ಬರುವುದು, ಆಸ್ಪತ್ರೆಯಲ್ಲಿ ಪಡೆಯುವುದು ಅದರಲ್ಲಿ ಸೇರುವುದಿಲ್ಲ. ಮಿತಿ ಎಂದರೆ ಅದನ್ನು ದಾಟಿದ ಕೂಡಲೇ ಕಾಯಿಲೆ ಎಂದೂ ಅರ್ಥವಲ್ಲ. ವಿಕಿರಣದ ಜೊತೆ ಕೆಲಸ ಮಾಡುವವರಿಗೆ ನಮ್ಮ ದೇಶದಲ್ಲಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್.

ಕೊನೆಗೆ ಅವಳು ಕೇಳಬೇಕೆಂದಿದ್ದುದನ್ನು ಕೇಳಿದಳು. "ಮಗುವಿಗೆ?"

ನಾನು ಪೆನ್ನು ಕೆಳಗಿಟ್ಟೆ. "ಇದಕ್ಕೆ ಉತ್ತರ ಹೇಳಬೇಕಾದವರು ಡಾಕ್ಟರು. ನಾನು ಒಂದು ಸಲ ಹೇಳಬಾರದ್ದನ್ನು ಹೇಳಿಯಾಗಿದೆ" ಎಂದೆ. ಆ ವಾರವೇ ಅವಳು ಡಾಕ್ಟರರನ್ನು ಕಂಡಳು. ಜಗಲಿಯಲ್ಲಿ ಬರೆದ ಹಾಳೆಯನ್ನೂ ಜೊತೆಗೆ ಒಯ್ದಳು. ಗರ್ಭದಲ್ಲಿರುವ ಶಿಶುವಿಗೆ ನೇರ ಹಾನಿಯ ಭಯ ಹುಟ್ಟುವುದು ಸುಮಾರು 100 ಮಿಲಿಗ್ರೇಗಿಂತ ಮೇಲೆ, ಒಂಬತ್ತು ತಿಂಗಳಲ್ಲಿ ನಿಮ್ಮದು 6 ಮಿಲಿಗ್ರೇಯಷ್ಟು ಎಂದು ಡಾಕ್ಟರು ಹೇಳಿದರು. ಆ ಕರಾವಳಿಯಲ್ಲಿ ಬಹಳ ವರ್ಷಗಳಿಂದ ಅಧ್ಯಯನಗಳು ನಡೆದಿವೆ. ಕರುನಾಗಪಳ್ಳಿಯ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲವೆಡೆ ವಿಕಿರಣ ವರ್ಷಕ್ಕೆ 70 ಮಿಲಿಗ್ರೇವರೆಗೂ ಇದೆ. ಆದರೂ ಆ ಕಾರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಅದರಲ್ಲಿ ಕಂಡುಬರಲಿಲ್ಲ. 1995ರಿಂದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದವರಿಗೂ ಹುಟ್ಟಿನಿಂದ ಬರುವ ನ್ಯೂನತೆಗಳು ಅಲ್ಲಿ ಹೆಚ್ಚಾಗಿ ಕಾಣಲಿಲ್ಲ.

ಇದನ್ನು ಓದಿ ವಿಕಿರಣಕ್ಕೆ ಹೆದರುವುದೇ ಬೇಡ ಎಂದು ನೀವು ತೀರ್ಮಾನಿಸಬಾರದು. ತಪ್ಪಾಗಿ ಓದಿದ ಅಳತೆ ಬೇಡದ ಭಯವನ್ನು ಹುಟ್ಟಿಸುವಂತೆ ಬೇಡದ ಧೈರ್ಯವನ್ನೂ ಹುಟ್ಟಿಸಬಲ್ಲದು. 1986ರ ಏಪ್ರಿಲ್ 26ರ ರಾತ್ರಿ ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸ್ಫೋಟಿಸಿತು. ಅಲ್ಲಿದ್ದವರ ಕೈಗೆ ಸಿಕ್ಕಿದ ಅಳತೆಯ ಉಪಕರಣಗಳ ಮುಳ್ಳು ಸೆಕೆಂಡಿಗೆ 1000 ಮೈಕ್ರೋರಾಂಟ್‌ಜನ್‌ಗಿಂತ ಮೇಲೆ ಹೋಗುತ್ತಿರಲಿಲ್ಲ. ಒಂದು ಗಂಟೆಗೆ 3600 ಸೆಕೆಂಡು. ಗುಣಿಸಿ ನೋಡಿ, ಗಂಟೆಗೆ 3.6 ರಾಂಟ್‌ಜನ್ ಆಗುತ್ತದೆ. ಏಕಮಾನದ ಬದಲಾವಣೆ ಏನೋ ಸರಿಯಾಗಿತ್ತು. ಆದರೆ ಅದು ಅಲ್ಲಿದ್ದ ವಿಕಿರಣದ ಅಳತೆಯಾಗಿರಲಿಲ್ಲ, ಉಪಕರಣದ ಮಿತಿಯಾಗಿತ್ತು. ಪಾವಿನಲ್ಲಿ ಸಮುದ್ರವನ್ನು ಅಳೆಯಹೋಗಿ, ಪಾವು ತುಂಬಿತು, ಸಮುದ್ರದಲ್ಲಿರುವುದು ಒಂದೇ ಪಾವು ನೀರು ಎಂದ ಹಾಗಾಯಿತು. ಒಡೆದ ಸ್ಥಾವರದ ಹತ್ತಿರ ನಿಜವಾದ ದರ ಇದರ ಸಾವಿರಾರು ಪಟ್ಟು ಇತ್ತು. ಆ ರಾತ್ರಿ ಅಲ್ಲಿ ದುಡಿದವರಲ್ಲಿ 28 ಮಂದಿ ವಿಕಿರಣದ ಕಾಯಿಲೆಯಿಂದ ಅದೇ ವರ್ಷ ತೀರಿಕೊಂಡರು.

ನನ್ನ ತಪ್ಪು ಒಬ್ಬಳ ಒಂದು ರಾತ್ರಿಯ ನಿದ್ದೆಯನ್ನು ಕೆಡಿಸಿತು. ಅದು ಸಣ್ಣದೆಂದು ನಾನು ಎಂದೂ ಅಂದುಕೊಂಡಿಲ್ಲ. ಅಂದಿನಿಂದ ನಾನು ಮೂರು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದನ್ನು ಏಕಮಾನದೊಂದಿಗೆ ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳುತ್ತೇನೆ. ಗಂಟೆಗೋ, ದಿನಕ್ಕೋ, ವರ್ಷಕ್ಕೋ ಎಂದು ಕೇಳುತ್ತೇನೆ. ಉತ್ತರ ಬಂದ ಮೇಲೆ ಅದನ್ನು ಆ ಊರಿನ ಜನರ ನಡುವೆ ನಿಲ್ಲಿಸಿ ನೋಡುತ್ತೇನೆ. ಅಮ್ಮೂಮ್ಮ ಮಾಡಿದ್ದು ಅದನ್ನೇ. ಅವರಿಗೆ ರ‍್ಯಾಡೂ ಗೊತ್ತಿರಲಿಲ್ಲ, ಗ್ರೇಯೂ ಗೊತ್ತಿರಲಿಲ್ಲ.

ಅವಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿಸಿ ಅವಳು ಅದೇ ಮನೆಗೆ ಮರಳಿದಳು. ಹೋಗಬೇಕೋ ಬೇಡವೋ ಎಂದು ನನ್ನನ್ನು ಕೇಳಲಿಲ್ಲ. ಲೆಕ್ಕ ಅವಳ ಕೈಯಲ್ಲಿಯೇ ಇತ್ತು.

ಕೆಲವು ವರ್ಷಗಳ ನಂತರ ಅವಳ ಗಂಡನಿಗೆ ಮತ್ತೆ ಊರ ಕಡೆಗೆ ವರ್ಗವಾಯಿತು. ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಾಗ ಅವಳು ಆ ಹಳೆಯ ಪುಸ್ತಕವನ್ನು ತೆಗೆದು ತೋರಿಸಿದಳು. ಜಗಲಿಯಲ್ಲಿ ನಾನು ಬರೆದ ಸಾಲುಗಳು ಹಾಗೆಯೇ ಇದ್ದವು. ಆ ಪುಟಕ್ಕೆ, ನಾನು ಮೊದಲ ರಾತ್ರಿ ಲೆಕ್ಕ ಹಾಕಿದ ಮದುವೆಯ ಕಾಗದವನ್ನೂ ಅಂಟಿಸಿದ್ದಳು. ಅದನ್ನು ನಾನೇ ಅಂದು ಅವಳಿಗೆ ಕೊಟ್ಟಿದ್ದೆ. '0.3 ರ‍್ಯಾಡ್' ಎಂದು ಇದ್ದಲ್ಲಿ ಕೆಂಪು ಶಾಯಿಯ ಒಂದು ಸುತ್ತು ಇತ್ತು. ಪಕ್ಕದಲ್ಲಿ ಅವಳ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಅರ್ಧ ಅಂಕ ಕಳೆಯಲಾಗಿದೆ."

ಅಭ್ಯಾಸ

1. ಲೇಖಕರ ಗುಣಾಕಾರ ಸರಿಯಾಗಿದ್ದರೂ ಉತ್ತರ ತಪ್ಪಾಗಲು ಕಾರಣವೇನು?
2. "ಹಾಗಾದರೆ ನಾನು ಯಾರು, ಪ್ರೇತವಾ?" ಈ ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಿದರು? ಅದರಿಂದ ಲೇಖಕರಿಗೆ ಏನು ಹೊಳೆಯಿತು?
3. 'ಮಳೆಯ ಬಿರುಸು ಬೇರೆ, ನಾವು ನೆನೆದದ್ದು ಬೇರೆ.' ಈ ಮಾತಿನಿಂದ ಡೋಸ್ ಮತ್ತು ಡೋಸ್ ದರದ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.
4. ಒಂದು ಸ್ಥಳದಲ್ಲಿ ವಿಕಿರಣದ ದರ ಗಂಟೆಗೆ 0.8 ಮಿಲಿರ‍್ಯಾಡ್ ಇದೆ. ಇದು ಗಂಟೆಗೆ ಎಷ್ಟು ಮೈಕ್ರೋಗ್ರೇ? ವರ್ಷದ 8760 ಗಂಟೆಗಳಿಗೆ ಎಷ್ಟು ಮಿಲಿಗ್ರೇ? (ಏಕಮಾನ ಬರೆಯಲು ಮರೆಯದಿರಿ.)
5. ನಿಮ್ಮ ಮನೆಯ ಹಿರಿಯರಿಂದ ಹಿಂದಿನ ಕಾಲದ ಅಳತೆಗಳ ಹೆಸರುಗಳನ್ನು ಕೇಳಿ ತಿಳಿದು, ಅವು ಈಗಿನ ಯಾವ ಅಳತೆಗೆ ಎಷ್ಟಾಗುತ್ತವೆ ಎಂದು ಬರೆಯಿರಿ.